ನಾಲ್ಕು ಗಂಟೆಯ ಚಹಾ ನಿಂತದ್ದು

ಮನುಷ್ಯಕುಲವನ್ನು ಇಲ್ಲಿಯವರೆಗೆ ಉಳಿಸಿಕೊಂಡು ಬಂದದ್ದು ವಿವೇಕವೆಂದು ಬಲ್ಲವರು ಹೇಳುತ್ತಾರೆ. ಮುಂಬಯಿಯ ಸಯನ್‌ನಲ್ಲಿದ್ದ ನಮ್ಮ ಹಳೆಯ ಬಿಲ್ಡಿಂಗಿನ ಮಟ್ಟಿಗೆ ಅದು ಚಹಾ. ಮೊನ್ನೆ ಸ್ಟೇಶನ್ನಿನ ಹೊರಗೆ ತರಕಾರಿಯವಳ ಬುಟ್ಟಿಯಲ್ಲಿ ಗವತಿ ಚಹಾದ ಹುಲ್ಲಿನ ಕಟ್ಟೊಂದು ನಿಂಬೆಯಂಥ ವಾಸನೆ ಬೀರುತ್ತಿತ್ತು. ನಾನು ಹಿಡಿಯಬೇಕಾಗಿದ್ದ ಲೋಕಲ್ ಹೋಯಿತು... ಎದುರು ಮನೆಯ ಮಾವಶಿ ಕಣ್ಣ ಮುಂದೆ ಬಂದು ನಿಂತರು.

ಬೆಳಗಾವಿ ಕಡೆಯವರು, ಮಹಡಿಗೆಲ್ಲ ಮಾವಶಿ, ಎಂದರೆ ಚಿಕ್ಕಮ್ಮ; ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅವರ ಕಿಟಕಿಯ ಸರಳಿನಾಚೆ ಹಳೆಯ ಎಣ್ಣೆ ಡಬ್ಬಿಯಲ್ಲಿ ಆ ಹುಲ್ಲು ಪೊಗದಸ್ತಾಗಿ ಬೆಳೆದಿತ್ತು. ನೆಗಡಿಯಾಗಲಿ, ಗಂಡನ ಜೊತೆ ಜಗಳವಾಗಲಿ, ನಮ್ಮ ಮಹಡಿಯ ಹೆಂಗಸರಿಗೆಲ್ಲ ನಾಲ್ಕು ಗಂಟೆಗೆ ಅವರ ಮನೆಯಲ್ಲಿ ಅದು ಹಾಕಿ ಕುದಿಸಿದ ಚಹಾವೇ ಔಷಧಿ.

ನನ್ನ ಹೆಂಡತಿ ಬಸುರಿಯಾದಾಗ ಸಲಹೆಗಳಿಗೇನೂ ಬರಗಾಲವಿರಲಿಲ್ಲ. ಪಪ್ಪಾಯಿ ಬೇಡವೆಂದರು ಕೆಳಗಿನ ಮನೆಯವರು, ಬದನೆಕಾಯಿ ಬೇಡವೆಂದರು ಮೇಲಿನವರು. ಆಸ್ಪತ್ರೆಯ ಗೋಡೆಯ ಮೇಲೆ ಸರಕಾರದ ಉಪದೇಶವೂ ಇತ್ತು. ಶಿಸ್ತಿನ ಮನುಷ್ಯನಾದ ನಾನು ಅದರ ಫೋಟೋ ತೆಗೆದುಕೊಂಡು ಬಂದೆ, ಮತ್ತೆ ನೋಡಲಿಲ್ಲ. ಅಷ್ಟರಲ್ಲಿ ಅವಳ ಹಿಮೋಗ್ಲೋಬಿನ್ ಎಂಟಕ್ಕೆ ಇಳಿಯಿತು. ದಿನಾ ಕಬ್ಬಿಣದ ಗುಳಿಗೆ ತೆಗೆದುಕೊಳ್ಳಬೇಕು, ಅದರ ಹಿಂದೆ ಮುಂದೆ ಚಹಾ ಕುಡಿಯಬಾರದು, ಕುಡಿದರೆ ಗುಳಿಗೆ ಮೈಗೆ ಹತ್ತುವುದಿಲ್ಲ ಎಂದರು ಡಾಕ್ಟರು. ತಿಂಗಳಲ್ಲಿ ಏರದಿದ್ದರೆ ಮಲಗಿಸಿ ಸಲೈನ್ ಹಚ್ಚಿ ಕಬ್ಬಿಣ ಏರಿಸುವುದೇ. ಇವಳೋ ಸೂಜಿ ಕಂಡರೆ ಕಣ್ಣು ಕತ್ತಲೆ ಬರುವವಳು. ಆದರೂ ಅವಳ ದಿನದಲ್ಲಿ ಒಂದು ಚಹಾಕ್ಕೂ ಇನ್ನೊಂದಕ್ಕೂ ನಡುವೆ ಗುಳಿಗೆ ತೂರುವಷ್ಟು ಸಂದೇ ಇರಲಿಲ್ಲ.

ಮೇಲಾಗಿ ವಿಜಯಪುರದಿಂದ ಅತ್ತೆಯವರ ಫೋನು: ಆ ಗುಳಿಗಿ ನುಂಗಿದರೆ ಕೂಸು ಕರ್ರಗೆ ಹುಟ್ಟುತ್ತದಂತೆ. ಇವಳು ಗಾಬರಿಯಾಗಿ ಮಾವಶಿಯ ಮುಖ ನೋಡಿದಳು. ಮಾವಶಿ ಫೋನು ಕಸಿದುಕೊಂಡರು.

"ಯಕ್ಕಾರ, ನಿಮ್ಮ ಅಳಿಯಾರನ್ನ ನೋಡೀರಿಲ್ಲೊ? ಅವರವ್ವ ಎಷ್ಟ ಗುಳಿಗಿ ನುಂಗಿದ್ದರಂತ ಒಮ್ಮೆ ಕೇಳ್ರಿ!"

ನಾನು ಅಲ್ಲೇ ನಿಂತಿದ್ದೆ. ನಮ್ಮವ್ವ ಒಂದೂ ನುಂಗಿದವಳಲ್ಲ. ಬೇರಾವ ವ್ಯಾಜ್ಯದಲ್ಲೂ ನಾನು ಅಷ್ಟು ನಿರ್ಣಾಯಕ ಸಾಕ್ಷ್ಯವಾದದ್ದಿಲ್ಲ. ಅತ್ತೆಯವರು ಫೋನಿಟ್ಟರು.

ಮರುದಿನ ಮಾವಶಿ ಒಂದು ಹಿಡಿ ಹುಲ್ಲು ಕೊಯ್ದು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಜೊತೆ ಆಸ್ಪತ್ರೆಗೆ ಹೊರಟರು. ಚಹಾಪುಡಿ ಬಿಟ್ಟು ಬರೀ ಇದನ್ನೇ ಕುದಿಸಿ ಕೊಟ್ಟರೆ ಹೇಗೆ ಎಂದು ಮೇಜಿನ ಮೇಲಿಟ್ಟು ಕೇಳಿದರು. ಡಾಕ್ಟರು ಚಿಕ್ಕ ಪ್ರಾಯದ ಹೆಣ್ಣುಮಗಳು. ಹುಲ್ಲನ್ನು ಮೂಸಿ ನೋಡಿ, ಬಸುರಿಯರಿಗೆ ಇದು ಸರಿಯೋ ಅಲ್ಲವೋ ತನಗೆ ಖಾತ್ರಿ ಗೊತ್ತಿಲ್ಲ, ಹೆರಿಗೆಯವರೆಗೆ ಬೇಡ ಎಂದರು. ಇಡೀ ಮಹಡಿಯ ಧನ್ವಂತರಿಗೆ ಹೀಗಾಯಿತಲ್ಲ ಎಂದು ಹೊರಗೆ ಬಂದ ಮೇಲೆ ನಾನು ಸಮಾಧಾನ ಹೇಳಹೋದೆ.

"ಛಲೋ ಆತು ಬಿಡ್ರಿ ಸಾಹೇಬರ," ಎಂದರು. "ಗೊತ್ತಿಲ್ಲಾದ್ದು ಗೊತ್ತಿಲ್ಲ ಅಂತಾಳ ಪೋರಿ. ಹಂಗಾರ ಗೊತ್ತೈತಿ ಅಂದದ್ದು ಖರೇನ ಇರತೈತಿ."

ಪಂಡಿತರ ಬಹಳ ಭಾಷಣ ಕೇಳಿದ್ದೇನೆ. ಇಷ್ಟು ಸರಳವಾದ ತಕ್ಕಡಿ ಎಲ್ಲೂ ಕಂಡಿಲ್ಲ.

ಅಂದಿನಿಂದ ನಾಲ್ಕು ಗಂಟೆಯ ಚಹಾ ನಿಂತಿತು, ಇಡೀ ಮಹಡಿಗೇ. ಬಂದವರಿಗೆಲ್ಲ ಲಿಂಬೂ ಶರಬತ್ತು. ಇವಳಿಗೆ ಅದರ ಜೊತೆ ಗುಳಿಗೆ, ಮಾವಶಿಯ ಕಣ್ಣೆದುರೇ. ಹೆಂಗಸರು ಗೊಣಗಿದರು. ಚಹಾ ಇಲ್ಲದೆ ತಲೆ ಸಿಡಿದು ಮಾವಶಿಯೇ ಹಣೆಗೆ ಬಟ್ಟೆ ಬಿಗಿದುಕೊಂಡು ಕೂತಿರುತ್ತಿದ್ದರು. ಬಾಗಿಲು ಹಾಕಿಕೊಂಡು ಒಂದು ಕಪ್ಪು ಕುಡಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ರವಿವಾರ ನಾನೇ ಕೇಳಿದೆ.

"ಬಸರ ಹೆಂಗಸಿನ ಮೂಗು ಏನಂತ ತಿಳದೀರಿ? ಬಾಗಲಾ ಹಾಕಿದ್ರ ವಾಸನಿ ನಿಲ್ತೈತೇನು? ಹೋಗ್ರಿ, ನೀವ ಕುಡೀರಿ, ಸ್ಟೇಶನ್‌ದಾಗ."

ನಾನು ಸ್ಟೇಶನ್ನಿನಲ್ಲೇ ಕುಡಿದೆ.

ತಿಂಗಳ ಮೇಲೆ ರಿಪೋರ್ಟು ಬಂತು: ಒಂಬತ್ತೂವರೆ. ಸಲೈನ್ ಬೇಡವೆಂದರು ಡಾಕ್ಟರು. ಇವಳು ಅಲ್ಲಿಯೇ ಅತ್ತಳು. ಮಾವಶಿ ಮಾತ್ರ, ಹೆರಿಗೆಯಾಗುವ ತನಕ ಶರಬತ್ತೇ ಎಂದು ತೀರ್ಪು ಕೊಟ್ಟರು... ಮಗಳು ಹುಟ್ಟಿದ ಮೂರನೆಯ ದಿನ ಥರ್ಮಾಸ್ ಹಿಡಿದು ವಾರ್ಡಿಗೆ ಬಂದರು. ಗುಳಿಗೆ ನುಂಗಿ ಎಷ್ಟು ಹೊತ್ತಾಯಿತೆಂದು ಮೊದಲು ಕೇಳಿ, ಆಮೇಲೆ ಮುಚ್ಚಳ ತೆಗೆದರು.

ಬಿಲ್ಡಿಂಗು ಕೆಡವಿ ಹೊಸದು ಕಟ್ಟಲು ಹೊರಟಾಗ ಅವರು ಬೆಳಗಾವಿಗೆ, ತಮ್ಮನ ಮನೆಗೆ ಹೋದರು. ಹೊಸ ಮನೆಯ ಬೀಗದ ಕೈ ನಮಗೆ ಸಿಗುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು. ಎದುರಿನ ಬಾಗಿಲಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯವರೇ...

ಮೊನ್ನೆ ಆ ಕಟ್ಟು ಕೊಂಡು ತಂದೆ. ಇವಳು ಚಹಾಕ್ಕೆ ಹಾಕಿ ಕುದಿಸಿದಳು. ಇಬ್ಬರೂ ಕೂತು ಕುಡಿದೆವು. ಮಗಳು ಈಗ ಶಾಲೆಯ ಎರಡನೆಯ ಇಯತ್ತೆಯಲ್ಲಿದ್ದಾಳೆ. ಬಣ್ಣ ನನ್ನದೇ.