ಗೋಪಿಚಂದನದ ಗುರುತು

ವೆಂಕೋಬ ತೀರಿಕೊಂಡ. ಯುಗಾದಿಗೆ ಇನ್ನು ನಾಲ್ಕು ದಿನವಿತ್ತು. ಹೊಸಪೇಟೆಯ ತನ್ನ ಮನೆಯಲ್ಲಿ, ಸಂಜೆ ಏಳರ ಸುಮಾರಿಗೆ, ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತಂತೆಯೇ ಹೋದ. ಊಟಕ್ಕೆ ಕರೆಯಲು ಬಂದ ಹೆಂಡತಿ ಗಂಗಾಬಾಯಿ ಎರಡು ಸಲ ಕರೆದರು, ಮೂರನೆಯ ಸಲ ಭುಜ ಮುಟ್ಟಿದರು. ಹೃದಯ ನಿಂತಿದೆ ಎಂದರು ಡಾಕ್ಟರು. ವಯಸ್ಸು ಅರವತ್ತೊಂದು.

ಊರಿನ ಬಹಳ ಮಂದಿಗೆ ಅವನು ಡ್ಯಾಮಿನ ಕಚೇರಿಯಲ್ಲಿ ಟ್ರೇಸರ್ ಆಗಿದ್ದ ವೆಂಕೋಬ ರಾಯ. ಇಂಜಿನಿಯರು ಪೆನ್ಸಿಲಿನಲ್ಲಿ ಹಾಕಿಕೊಟ್ಟ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ ಶಾಯಿಯಲ್ಲಿ ಗೆರೆ ಎಳೆಯುವುದು ಅವನ ನೌಕರಿ. ಕಂಪ್ಲಿಯ ಗದ್ದೆಗಳಿಗೆ ನೀರುಣಿಸುವ ಕಾಲುವೆಗಳು ಕಾಗದದ ಮೇಲೆ ಒಮ್ಮೆಯಾದರೂ ಅವನ ಕೈಕೆಳಗೆ ಹರಿದಿವೆ. ಗೆರೆ ದಪ್ಪವಾಗಬಾರದು, ಅಳುಕಬಾರದು, ನಡುವೆ ನಿಲ್ಲಬಾರದು. ಮೂವತ್ತೈದು ವರ್ಷದಲ್ಲಿ ಕಚೇರಿ ಅವನಿಗೆ ಕೊಟ್ಟ ಬಿರುದು ಒಂದೇ: ಕೈ ನಡುಗದವನು.

ಆ ಕೈಗೆ ಕ್ಯಾಮೆರಾ ಸಿಕ್ಕಿದ್ದು ಹಂಪಿಯಲ್ಲಿ. ಎಂಬತ್ತೆರಡೋ ಎಂಬತ್ತಮೂರೋ ಇರಬೇಕು. ವಿರೂಪಾಕ್ಷ ಬಜಾರಿನ ಖಾನಾವಳಿಯೊಂದರಲ್ಲಿ ಯಾವನೋ ಪರದೇಶದವನು ಕೆಟ್ಟುಹೋದ ಪೆಂಟ್ಯಾಕ್ಸ್ ಒಂದನ್ನು ಬೇಡವೆಂದು ಬಿಟ್ಟುಹೋಗಿದ್ದ. ವೆಂಕೋಬ ಅದನ್ನು ಮನೆಗೆ ತಂದು ಮೂರು ತಿಂಗಳು ಬಿಚ್ಚಿದ, ಬಿಚ್ಚಿದ್ದನ್ನೆಲ್ಲ ನಕ್ಷೆಯಾಗಿ ಬರೆದ, ನಕ್ಷೆ ನೋಡಿ ಮತ್ತೆ ಕೂಡಿಸಿದ. ಒಂದು ಸಂಜೆ ಅದರ ಷಟರ್ ‘ಟಕ್’ ಎಂದಾಗ ಅಡುಗೆಮನೆಯಿಂದ ಗಂಗಾಬಾಯಿ, “ಹಲ್ಲಿ ನುಡೀತು, ಸತ್ಯ ಅದ ನೋಡ್ರಿ” ಎಂದರಂತೆ. ಆ ಹೊತ್ತಿನಲ್ಲಿ ಅವನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದದ್ದು, ಇನ್ನು ಇದನ್ನು ಬಿಡುವುದಿಲ್ಲ ಅಂತ.

ಬಿಡಲೂ ಇಲ್ಲ. ಕಲ್ಲಿನ ರಥದ ಮುಂದೆ ಪ್ರವಾಸಿಗರ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದವರೆಲ್ಲ ರಿಪೇರಿಗೆ ಅವನ ಮನೆಗೆ ಬರತೊಡಗಿದರು. ಬರುಬರುತ್ತ ಅವನದೇ ಹದಿನೇಳು ಕ್ಯಾಮೆರಾ ಆದವು. ಶನಿವಾರ ಬೆಳಿಗ್ಗೆ ಅವುಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದರ ಷಟರನ್ನೂ ಹತ್ತು ಹತ್ತು ಸಲ ಒತ್ತುತ್ತಿದ್ದ. ಸುಮ್ಮನೆ ಇಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ. ಕಣ್ಣು ಮುಚ್ಚಿ ಸದ್ದು ಕೇಳಿಯೇ ಇದು ನಿಕಾನ್, ಇದು ಯಾಶಿಕಾ, ಇದು ರಷ್ಯಾದ ಜೆನಿಟ್ ಎಂದು ಹೇಳುತ್ತಿದ್ದ. ಜೆನಿಟ್‌ನದು ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಸದ್ದು. ಅದನ್ನು ಕೇಳಿದಾಗಲೆಲ್ಲ ಅವನ ಮುಖದಲ್ಲಿ ನಗು ಬರುತ್ತಿತ್ತು.

ಆಮೇಲೆ ಅದಿರಿನ ಕಾಲ ಬಂತು. ಸಂಡೂರಿನಿಂದ ಇಳಿಯುವ ಲಾರಿಗಳ ಸಾಲು ಹಗಲಿರುಳು ಕಡಿಯುತ್ತಿರಲಿಲ್ಲ. ರಸ್ತೆಬದಿಯ ಬೇವು ಕೆಂಪಾಯಿತು, ಒಗೆದು ಹಾಕಿದ ಪಂಚೆ ಕೆಂಪಾಯಿತು. ಆ ಧೂಳು ಮಣ್ಣಲ್ಲ, ಕಬ್ಬಿಣ. ಲೆನ್ಸಿನ ಮೇಲೆ ಕೂತಾಗ ಅಂಗಿಯ ತುದಿಯಿಂದ ಒರೆಸಿದರೆ ಗಾಜಿನ ಮೇಲೆ ಗೀರು ಬಿದ್ದಂತೆಯೇ. ವೆಂಕೋಬ ಅದಕ್ಕೊಂದು ಉಪಾಯ ಕಂಡುಕೊಂಡ. ಬೆಳಗಿನ ಸ್ನಾನವಾದ ಮೇಲೆ ಬಚ್ಚಲಮನೆಯಲ್ಲಿ ಹಬೆ ತುಂಬಿರುತ್ತದೆ. ಗಾಳಿಯ ಧೂಳೆಲ್ಲ ಆ ಹಬೆಗೆ ಒದ್ದೆಯಾಗಿ ನೆಲಕ್ಕೆ ಕೂರುತ್ತದೆ. ಹಬೆ ಇಳಿಯುವ ತನಕ ಕಾದು, ಒದ್ದೆ ಪಂಚೆ ಉಟ್ಟು, ಅಲ್ಲೇ ಮಣೆ ಹಾಕಿಕೊಂಡು ಲೆನ್ಸು ಬಿಚ್ಚುತ್ತಿದ್ದ. ಆ ಹೊತ್ತಿನಲ್ಲಿ ಯಾರೂ ಅವನನ್ನು ಮುಟ್ಟುವಂತಿಲ್ಲ.

“ದೇವರ ಪೂಜಿಗೆ ಎಂದಾದ್ರೂ ಇಷ್ಟು ಮಡಿ ಮಾಡೀರೇನ್ರಿ?” ಎಂದು ಗಂಗಾಬಾಯಿ ಹೊರಗಿನಿಂದ ಕೇಳುತ್ತಿದ್ದರು. “ತೊಗಲಿನ ಚೀಲ ಮುಟ್ಟಿದ ಕೈಲೆ ಮತ್ತ ಮಡಿ ಬ್ಯಾರೆ!”

“ತೊಗಲು ಹೊರಗ ಅದ. ಒಳಗ ಇರೋದು ಗಾಜು. ಗಾಜಿಗೆ ಮೈಲಿಗಿ ಇಲ್ಲ, ಧೂಳು ಅದ.”

“ಆತು, ಹೊರಗ ಬರ್ರಿ. ಮನ್ಯಾಗ ಉಳಿದವ್ರೂ ಸ್ನಾನ ಮಾಡಬೇಕು.”

ಅಷ್ಟರಲ್ಲಿ ಡಿಜಿಟಲ್ ಬಂದಿತ್ತು. ಬಸ್ ನಿಲ್ದಾಣದ ಹತ್ತಿರ ಸ್ಟುಡಿಯೋ ಇಟ್ಟಿದ್ದ ತಿಪ್ಪೇಶ್ ಹಳೆಯದನ್ನೆಲ್ಲ ಮಾರಿದ. ಫ್ರಿಜ್ಜಿನಲ್ಲಿ ಮಜ್ಜಿಗೆಯ ಪಕ್ಕ ಒಂದಷ್ಟು ಫಿಲಂ ರೋಲು ಇಟ್ಟುಕೊಂಡಿದ್ದದ್ದು ವೆಂಕೋಬನಿಗಾಗಿ ಮಾತ್ರ. ಆದರೆ ಚುಡಾಯಿಸುವುದನ್ನು ಬಿಡುತ್ತಿರಲಿಲ್ಲ.

“ರಾಯರ, ಮದಿವಿಗೆ ಸಾವಿರ ಫೋಟೋ ಹೊಡಿತೀನಿ. ಬ್ಯಾಡಾದ್ದು ಅಳಿಸಿದ್ರಾತು. ನೀವಿನ್ನೂ ಒಂದು ರೋಲಿನ ಮೂವತ್ತಾರಕ್ಕ ಜೋತುಬಿದ್ದೀರಿ.”

“ಅಳಿಸ್ಲಿಕ್ಕೆ ಬರ್ತದಂತ ನೋಡದ ಹೊಡಿತೀಯಲೇ ತಿಪ್ಪೇಶಿ. ಮೂವತ್ತಾರೇ ಇದ್ರ ಕಣ್ಣು ತೆರೆದು ನೋಡ್ತಿದ್ದಿ.”

“ಮೂವತ್ತಾರರಾಗ ಮದುಮಗನ ಸ್ವಾದರಮಾವ ಬಿಟ್ಟುಹೋದ್ರ ಬಡಿಸ್ಕೊಳ್ಳೋನು ನಾನು, ನೀವಲ್ಲ!”

ಇಬ್ಬರೂ ನಗುತ್ತಿದ್ದರು. ಆದರೆ ನಿವೃತ್ತಿಗೆ ಒಂದು ವರ್ಷ ಮುಂಚಿನಿಂದ ವೆಂಕೋಬನ ಬಲಗೈ ನಡುಗಲು ಶುರುವಾಗಿತ್ತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಅವನು ಯಾರಿಗೂ ಹೇಳಲಿಲ್ಲ. ಬಚ್ಚಲಮನೆಯ ಬಾಗಿಲಿಗೆ ಚಿಲಕ ಹಾಕಿಕೊಳ್ಳತೊಡಗಿದ. ಅರ್ಧ ಗಂಟೆಯ ಕೆಲಸಕ್ಕೆ ಮೂರು ಬೆಳಗು ಹಿಡಿಯುತ್ತಿತ್ತು.

ಈ ಮಾರ್ಚಿನ ಮೊದಲ ವಾರ ನೀಲಗಂಗಮ್ಮ ಬಂದರು. ಸಂಡೂರಿನ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹತ್ತು ವರ್ಷದಿಂದ ಪ್ರತಿ ಯುಗಾದಿಯ ಬೆಳಿಗ್ಗೆ ಶಾಲೆಯ ಮಾಳಿಗೆಯ ಒಂದೇ ಮೂಲೆಯಲ್ಲಿ ನಿಂತು ಎದುರಿನ ಅದಿರಿನ ಗುಡ್ಡದ ಫೋಟೋ ತೆಗೆಯುತ್ತಿದ್ದರು. ಅದೇ ಕ್ಯಾಮೆರಾ, ಅದೇ ಲೆನ್ಸು, ರಿಪೇರಿಗೆ ಬಂದರೆ ಅದೇ ವೆಂಕೋಬ. ಹತ್ತೂ ಫೋಟೋ ಶಾಲೆಯ ಗೋಡೆಯ ಮೇಲೆ ಸಾಲಾಗಿವೆ. ಮೊದಲಿನದರಲ್ಲಿ ಗುಡ್ಡಕ್ಕೆ ಎರಡು ಹೆಗಲು, ಹತ್ತನೆಯದರಲ್ಲಿ ಒಂದೇ.

“ತಿರುಗವಲ್ದು ಸರ,” ಎಂದು ಲೆನ್ಸು ಮುಂದಿಟ್ಟರು. ಫೋಕಸ್ ಮಾಡುವ ಬಳೆಯೊಳಗಿನ ಗ್ರೀಸಿಗೆ ಕೆಂಪು ಧೂಳು ಸೇರಿ ಸಿಮೆಂಟಿನಂತೆ ಬಿಗಿದಿತ್ತು.

ಅಂದು ಅಲ್ಲೇ ಇದ್ದ ತಿಪ್ಪೇಶ್, “ಮೇಡಂ, ನಾನ ಬಂದು ಡಿಜಿಟಲ್‌ನಾಗ ತೆಗೆದುಕೊಡ್ತೀನಿ, ಬಿಡ್ರಿ” ಎಂದ.

“ಲೆನ್ಸ್ ಬದಲಾಗೈತಿ, ಅದಕ್ಕ ಗುಡ್ಡ ಸಣ್ಣಗ ಕಾಣತೈತಿ ಅಂತ ಯಾರರೆ ಅಂದ್ರ ಏನ್ ಹೇಳ್ಲಿ? ಹುಡುಗ್ರು ಅದ್ರ ಮ್ಯಾಲೆ ಸ್ಕೇಲ್ ಇಟ್ಟು ಅಳೀತಾರ್ರಿ.” ಆಮೇಲೆ ವೆಂಕೋಬನ ಕಡೆ ತಿರುಗಿದರು. “ಒಂದು ಯುಗಾದಿ ತಪ್ಪಿದ್ರ ಆ ವರ್ಷದ ಗುಡ್ಡ ಮತ್ತ ಸಿಗಂಗಿಲ್ಲ ಸರ.”

ಆಗುವುದಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. “ಹಬ್ಬಕ್ಕ ಮುಂಚೆ ಕೊಡ್ತೀನಿ ತಂಗಿ” ಎಂದುಬಿಟ್ಟ.

ಲೆನ್ಸಿನ ಫೋಕಸ್ ಕೊಳವೆಗಳಿಗೆ ಬಾಟಲಿಯ ಮುಚ್ಚಳದಂತೆ ಸುತ್ತುಗಳಿರುತ್ತವೆ. ಆದರೆ ಬಾಟಲಿಗೆ ಎಲ್ಲಿಂದ ತಿರುಗಿಸಿದರೂ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಒಳಹೋಗಲು ಆರು ಬಾಯಿ, ಸರಿಯಾದದ್ದು ಒಂದೇ. ತಪ್ಪಾದ ಬಾಯಲ್ಲಿ ಕೂತರೆ ದೂರದ ಗುಡ್ಡ ಎಂದೂ ಸ್ಪಷ್ಟವಾಗುವುದಿಲ್ಲ. ಆದ್ದರಿಂದ ಎರಡು ಕೊಳವೆ ಬೇರೆಯಾಗುವ ಕ್ಷಣದಲ್ಲಿ ಆ ಜಾಗಕ್ಕೆ ಗುರುತು ಮಾಡಿಕೊಳ್ಳಬೇಕು. ಬೇರೆಯವರು ಸೂಜಿಯಿಂದ ಗೀಚುತ್ತಾರೆ. ಲೆನ್ಸಿಗೆ ಗೀರು ಹಾಕುವುದು ವೆಂಕೋಬನಿಗೆ ಆಗದ ಮಾತು. ನಾಮ ಹಚ್ಚಿಕೊಂಡು ಉಳಿದ ಗೋಪಿಚಂದನದಲ್ಲಿ ಒಂದು ಬೊಟ್ಟು ಇಡುತ್ತಿದ್ದ. ಕೆಲಸ ಮುಗಿದ ಮೇಲೆ ಒರೆಸಿದರೆ ಹೋಗುತ್ತಿತ್ತು. ಕೈ ನೆಟ್ಟಗಿದ್ದಾಗ ಒಂದೇ ಕೂರಿಕೆಯಲ್ಲಿ ಕೆಲಸ ಮುಗಿಯುತ್ತಿದ್ದರಿಂದ ಆ ಬೊಟ್ಟು ಎಂದೂ ಮೋಸ ಮಾಡಿರಲಿಲ್ಲ. ಕೈ ನಡುಗತೊಡಗಿದ ಮೇಲೆ ಕೊಳವೆ ಬಿಚ್ಚುವ ಕೆಲಸ ಬಂದದ್ದು ಇದೇ ಮೊದಲು, ಅದು ಒಂದು ಬೆಳಿಗ್ಗೆಗೆ ಮುಗಿಯಲಿಲ್ಲ. ಬಿಚ್ಚಿದ ಭಾಗಗಳನ್ನು ತಟ್ಟೆಯಲ್ಲಿಟ್ಟು ಬಚ್ಚಲಮನೆಯ ಗೂಡಿನಲ್ಲಿ ಬಿಟ್ಟ. ಮರುದಿನ ಹಂಡೆಯ ನೀರು ಕುದಿದು, ಹಬೆ ಗೂಡಿನವರೆಗೂ ಏರಿತು. ತಟ್ಟೆ ತೆಗೆದಾಗ ಬೊಟ್ಟು ಇರಲಿಲ್ಲ. ಹಳದಿ ನೀರಿನ ಒಂದು ಗೆರೆ ಇತ್ತು.

ಆರೂ ಬಾಯಲ್ಲಿ ಕೂರಿಸಿ ನೋಡುವುದೊಂದೇ ದಾರಿ. ಆದರೆ ನಡುಗುವ ಕೈಗೆ ಸುತ್ತು ಕೂರುತ್ತಿರಲಿಲ್ಲ, ಓರೆಯಾಗಿ ಕಚ್ಚುತ್ತಿತ್ತು. ಒತ್ತಿದರೆ ಹಿತ್ತಾಳೆಯ ಸುತ್ತೇ ಹರಿದುಹೋಗುತ್ತದೆ, ಲೆನ್ಸೇ ಹೋಗುತ್ತದೆ. ಹೇಗೋ ಒಂದು ಸಲ ಕೂರಿಸಿಕೊಂಡು, ದೂರಕ್ಕೆ ಹಿಡಿದು ನೋಡಲು ಮನೆಯ ಮಾಳಿಗೆಗೆ ಹೋದರೆ ಎದುರಿನ ಜಂಬುನಾಥನ ಗುಡ್ಡ ಧೂಳಿನ ಪರದೆಯ ಹಿಂದೆ ಮಾಯವಾಗಿತ್ತು. ಎರಡು ಸಲ ನೀಲಗಂಗಮ್ಮನಿಗೆ ಫೋನ್ ಮಾಡಲು ಹೋಗಿ ಎರಡು ಸಲವೂ ರಿಸೀವರ್ ಕೆಳಗಿಟ್ಟ.

ಯುಗಾದಿಗೆ ಐದು ದಿನವಿರುವಾಗ ಒಂದು ಮಳೆ ಬಿದ್ದು ಧೂಳು ಕೂತಿತು. ಮರುದಿನ ವೆಂಕೋಬ ಭಾಗಗಳನ್ನೆಲ್ಲ ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೆ ಸಂಡೂರಿನ ಕಡೆ ಹೊರಟ.

ನೀಲಗಂಗಮ್ಮ ಧೂಳು ಏಳದಿರಲೆಂದು ಶಾಲೆಯ ಮಾಳಿಗೆಗೆ ಎರಡು ಕೊಡ ನೀರು ಹಾಕಿ ಜಮಖಾನೆ ಹಾಸಿದರು. ವೆಂಕೋಬ ಡಬ್ಬಿ ತೆರೆದ, ಕೊಳವೆ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

“ತಂಗಿ, ಗುರುತು ತೊಳದು ಹೋಗ್ಯದ. ತಪ್ಪು ನಂದು. ಇನ್ನೊಂದು ಮಾತು. ನನ್ನ ಕೈ ನಡುಗ್ತದ. ಎರಡು ವರ್ಷ ಆತು, ಮನ್ಯಾಗೂ ಹೇಳಿಲ್ಲ.”

“ಹೋದ ವರ್ಷನ ನೋಡಿದ್ದೆ ಸರ. ನನ್ನ ಮುಂದ ಸ್ಕ್ರೂ ಮೂರು ಸಲ ಬಿತ್ತಲ್ಲ.”

“ಗೊತ್ತಿದ್ದೂ ನನ್ನ ಕಡೇನ ತಂದ್ಯೇನು?”

“ಮತ್ಯಾರ ಕಡೆ ಒಯ್ಯಲ್ರಿ?”

ವೆಂಕೋಬ ಕೊಳವೆಗಳನ್ನು ಅವರ ಕೈಗೆ ಕೊಟ್ಟ. “ಹಂಗಾರ ನೀನ ಕೂಡ್ಸು. ಮೊದಲು ಹಿಂದಕ್ಕ ತಿರುವು, ಮುಂದಕ್ಕ ಅಲ್ಲ. ಸುತ್ತು ಕೂತಿದ್ದು ಬೆರಳಿಗೆ ಗೊತ್ತಾಗ್ತದ. ಹಾಂ. ಈಗ ಮುಂದಕ್ಕ. ಜಲ್ದಿ ಬ್ಯಾಡ, ಒತ್ತಬ್ಯಾಡ.”

ಒಂದು ಬಾಯಲ್ಲಿ ಕೂರಿಸಿ, ಕ್ಯಾಮೆರಾಕ್ಕೆ ಹಾಕಿ ಅವರು ಕೊಡುವುದು. ಅವನು ಮೋಟುಗೋಡೆಗೆ ಮೊಣಕೈ ಊರಿ ನೋಡುವುದು. ಗುಡ್ಡ ಹತ್ತಿಯಂತೆ ಮಬ್ಬು. ಮತ್ತೆ ಬಿಚ್ಚುವುದು. ಎರಡನೆಯದೂ ಮಬ್ಬು, ಮೂರನೆಯದು ಇನ್ನೂ ಮಬ್ಬು. ನಾಲ್ಕನೆಯದನ್ನು ಕೂರಿಸುವಾಗ ನೀಲಗಂಗಮ್ಮನ ಹಣೆಯಲ್ಲಿ ವಿಭೂತಿ ಬೆವರಿಗೆ ಕರಗಿತ್ತು. ಐದನೆಯ ಸಲ ವೆಂಕೋಬ ಕಣ್ಣು ತೆಗೆಯಲೇ ಇಲ್ಲ. ಉಳಿದೊಂದು ಹೆಗಲಿನ ಅಂಚು ಬ್ಲೇಡಿನಿಂದ ಕೊಯ್ದಂತೆ ನಿಂತಿತ್ತು, ಅದರ ಮೇಲೆ ಎಳ್ಳು ಚೆಲ್ಲಿದಂತೆ ಲಾರಿಗಳು.

“ಸರ? ಏನಾತ್ರಿ?”

“ನೋಡು.”

ಅವರು ನೋಡಿದರು. ಮೂರು ಸ್ಕ್ರೂಗಳನ್ನೂ ಅವರೇ ಬಿಗಿದರು. ಒಂದು ಫೋಟೋ ಹೊಡೆದು ನೋಡೋಣವೇ ಎಂದಾಗ ಅವನು ಒಪ್ಪಲಿಲ್ಲ. “ಹಬ್ಬದ ದಿನ ನೀನ ಹೊಡಿ.”

ಸಂಜೆ ಬಸ್ಸಿಳಿದು ಸ್ಟುಡಿಯೋದ ಮುಂದೆ ಬಂದಾಗ, “ಮಾಡಿದ್ರೇನ್ರಿ ರಾಯರ?” ಎಂದು ತಿಪ್ಪೇಶ್ ಕೂಗಿದ. “ಆತಲೇ. ನಾ ಮಾಡ್ಲಿಲ್ಲ ಅಷ್ಟ” ಎಂದು ನಕ್ಕು ಮುಂದೆ ನಡೆದ.

ಮನೆಗೆ ಬಂದು ಕೈಕಾಲು ತೊಳೆದುಕೊಂಡು ಮೇಜಿನ ಮುಂದೆ ಕೂತ. ರಿಪೇರಿಗೆ ಬಂದ ಪ್ರತಿ ಕ್ಯಾಮೆರಾಕ್ಕೂ ಅವನ ಪುಸ್ತಕದಲ್ಲಿ ಒಂದು ಪುಟ. ಕಚೇರಿಯ ನಕ್ಷೆಗಳ ಮೂಲೆಯಲ್ಲಿ ಇರುವಂತೆ ಪ್ರತಿ ಪುಟದ ಕೆಳಗೂ ಮೂರು ಮನೆ: ಬಿಚ್ಚಿದವರು, ಕೂಡಿಸಿದವರು, ನೋಡಿದವರು. ಇಪ್ಪತ್ತೈದು ವರ್ಷದ ಪುಟಗಳಲ್ಲಿ ಮೂರೂ ಮನೆಯಲ್ಲಿ ಅವನದೇ ಹೆಸರು. ಅಂದು ಮೊದಲನೆಯ ಮನೆಯಲ್ಲಿ ‘ವೆಂಕೋಬ’ ಎಂದು ಬರೆದ. ಎರಡನೆಯದರಲ್ಲಿ ಸೊಟ್ಟಸೊಟ್ಟಗೆ, ಒಂದೊಂದೇ ಅಕ್ಷರವಾಗಿ ‘ನೀಲಗಂಗಮ್ಮ’ ಎಂದು ಬರೆದ. ಮೂರನೆಯದರಲ್ಲಿ ಸಹಿ ಹಾಕಿ, ಪೆನ್ನಿನ ಟೋಪಿ ಮುಚ್ಚಿದ.