ಅತ್ತೆಯ ಗ್ಲಾಸಿನಲ್ಲಿ ಎರೆಮಣ್ಣು

ಸಂಜೆ ಹೊತ್ತಿಗೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಮೆಂಟು ಮೆತ್ತಿದ ಬೂಟು ಹಾಕಿಕೊಂಡು, ಹೆಗಲಿಗೆ ಪುಸ್ತಕದ ಚೀಲ ಏರಿಸಿ, ಯಾದಗಿರಿ ಬಸ್ಸಿನ ಹಿಂದೆ ಓಡುವ ಹೆಂಗಸನ್ನು ನೀವು ಕಂಡಿದ್ದರೆ ಅದು ನಾನೇ. ಹಗಲೆಲ್ಲ ಭೀಮರಾಯನಗುಡಿ ಕಡೆ ಕಾಲುವೆ ದುರಸ್ತಿ ಮಾಡಿಸುವ ಗುತ್ತಿಗೆದಾರರ ಬಳಿ ಸೂಪರ್‌ವೈಸರ್ ಕೆಲಸ. ಸಂಜೆ ಯಾದಗಿರಿಯಲ್ಲಿ, ನೌಕರಿ ಮಾಡುವವರಿಗೆಂದೇ ನಡೆಯುವ ಸಿವಿಲ್ ಇಂಜಿನಿಯರಿಂಗ್ ತರಗತಿ. ಐಟಿಐ ಮುಗಿಸಿ, ಮದುವೆಯಾಗಿ, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಸೇರಿದವಳು ನಾನು. ತರಗತಿಯಲ್ಲಿ ಎಲ್ಲರೂ ನನ್ನಂಥವರೇ. ಒಬ್ಬರು ಆಕಳಿಸಿದರೆ ಸಾಕು, ಇಡೀ ಬೆಂಚು ಆಕಳಿಸುತ್ತಿತ್ತು. ಆದರೂ ಬೆಳಿಗ್ಗೆ ಕೈಯಾರೆ ಮಾಡಿಸಿದ ಕೆಲಸಕ್ಕೆ ಸಂಜೆ ಕಾರಣ ಸಿಗುತ್ತದಲ್ಲ, ಆ ಖುಷಿಗೆ ನಿದ್ದೆ ಹಾರಿಹೋಗುತ್ತಿತ್ತು.

ನಾನು ಓದಲು ಸಾಧ್ಯವಾದದ್ದು ಅತ್ತೆಯಿಂದ. ರೊಟ್ಟಿ ಬಡಿಯುವುದು, ಮಗಳನ್ನು ನೋಡಿಕೊಳ್ಳುವುದು ಎಲ್ಲ ಅವರದೇ. ಒಂದು ದಿನವೂ ಯಾಕೆ ತಡವಾಯಿತೆಂದು ಕೇಳಿದವರಲ್ಲ. ಆದರೆ ನನ್ನ ಓದನ್ನು ಅವರು ವ್ರತದ ಹಾಗೆ ನೋಡುತ್ತಿದ್ದರು. ಸೊಸೆ ಹಿಡಿದಿದ್ದಾಳೆ, ಮುಗಿಸಲಿ ಪಾಪ, ಅಷ್ಟೆ. ಅದರಿಂದ ಮನೆಗೆ ಬುದ್ಧಿ ಬಂದೀತೆಂದು ಅವರಿಗೆ ಅನ್ನಿಸಿರಲಿಲ್ಲ.

ಇದು ಗೊತ್ತಾದದ್ದು ನಮ್ಮ ಸ್ವಂತ ಮನೆ ಶುರುವಾದಾಗ. ಶಹಾಪುರದ ಅಂಚಿನಲ್ಲಿ ನಮ್ಮದೊಂದು ಜಾಗ, ಪೂರ್ತಿ ಎರೆಭೂಮಿ. ಮೇಸ್ತ್ರಿ ಒಳ್ಳೆಯ ಕೆಲಸಗಾರ. ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಿಸಿ, ಕಲ್ಲು ಕಟ್ಟಿ ಮೇಲೆ ತಂದರು. ಜಗಳ ಹತ್ತಿದ್ದು ಆಮೇಲೆ. ಗೋಡೆಗಳ ನಡುವೆ, ನೆಲಹಾಸಿನ ಕೆಳಗೆ ಏನು ತುಂಬಬೇಕು? ನಮ್ಮ ಕಡೆ ತೋಡಿ ತೆಗೆದ ಕರಿ ಮಣ್ಣನ್ನೇ ವಾಪಸ್ ಒಳಗೆ ತುಂಬುತ್ತಾರೆ. ಅತ್ತೆಗೆ ಅದು ಬರೀ ರೂಢಿಯಲ್ಲ. ಪೂಜೆ ಮಾಡಿ, ಕಾಯಿ ಒಡೆದು ತೆಗೆದ ಮಣ್ಣು ಹೊರಗೆ ಹೋದರೆ ಅದರ ಜೊತೆ ಲಕ್ಷ್ಮಿಯೂ ಹೋಗುತ್ತಾಳೆ ಎನ್ನುವುದು ಅವರ ನಂಬಿಕೆ.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಮೇಲೆ ಹಾಸಿದ ಫರಸಿ ಕಲ್ಲನ್ನು ಎತ್ತಿ ಒಗೆಯುತ್ತದೆ, ಅದರ ಬದಲು ಉಬ್ಬದ ಗರಸು ಮಣ್ಣು, ಮುರುಂ, ತರಿಸಿ ತುಂಬೋಣ ಎಂದು ನಾನು ಹೇಳಿದೆ. ಮೇಸ್ತ್ರಿ ನಕ್ಕು ಅತ್ತೆಯ ಮುಖ ನೋಡಿದರು. ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು.

“ನೀ ಓದೂದು ಓದವ್ವ. ಮನಿ ಕಟ್ಟೂದು ಮೇಸ್ತ್ರಿಗಿ ಬಿಡು.”

ನನಗೆ ಮೈಯೆಲ್ಲ ಉರಿದುಹೋಯಿತು. ಕಾಲುವೆ ಕೆಲಸದಲ್ಲಿ ನಾನು ಬೇಡವೆಂದರೆ ಕಾಂಕ್ರೀಟು ನಿಲ್ಲುತ್ತದೆ. ನನ್ನ ಮನೆಯಲ್ಲೇ ನನ್ನ ಮಾತು ನಡೆಯದಿದ್ದರೆ ಈ ಓದು ಯಾವ ಪುರುಷಾರ್ಥಕ್ಕೆ? ಗಂಡನನ್ನು ನಡುವೆ ತರಲಿಲ್ಲ. ಅವರು ಹೇಳಿ ಅತ್ತೆ ಒಪ್ಪಿದರೆ ಅದು ಮಗನ ಮಾತಾಗುತ್ತಿತ್ತು, ನನ್ನದಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಮಾಡಿದ್ದನ್ನೇ ಅಡುಗೆಮನೆಯಲ್ಲಿ ಮಾಡಿದೆ. ನಮ್ಮ ಪಾಯದ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದೆ. ಬೀಗರು ಬಂದಾಗ ಮಾತ್ರ ಕೆಳಗಿಳಿಯುವ ಅತ್ತೆಯ ಎರಡು ಉದ್ದನೆಯ ಗಾಜಿನ ಗ್ಲಾಸು ತೆಗೆದು ಎರಡಕ್ಕೂ ಸಮ ಮಣ್ಣು ಹಾಕಿದೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಹಾಗಾಗಿ ಹೋಲಿಸಿ ನೋಡಬಹುದು. ಶರಬತ್ತಿನ ಗ್ಲಾಸಿಗೆ ಚಿಮಣಿ ಎಣ್ಣೆ ಹಾಕಿದ್ದಕ್ಕೆ ಅತ್ತೆಯಿಂದ ಬೈಗುಳದ ಮಂಗಳಾರತಿಯೇ ಆಯಿತು. ನಾಳೆ ಈ ಹೊತ್ತಿನವರೆಗೆ ಮುಟ್ಟಬೇಡಿ ಎಂದಷ್ಟೇ ಹೇಳಿ ಬಸ್ಸು ಹಿಡಿದೆ.

ಮರುದಿನ ಸಂಜೆ ತರಗತಿಗೆ ಹೋಗದೆ ಸೈಟಿನಿಂದ ನೇರ ಮನೆಗೆ ಬಂದೆ. ಅತ್ತೆ ಗ್ಲಾಸುಗಳ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಎಣ್ಣೆಯಲ್ಲಿನ ಮಣ್ಣು ತಳದಲ್ಲೇ ಇತ್ತು. ನೀರಿನಲ್ಲಿನದು ಹತ್ತಿರಹತ್ತಿರ ಅದರ ಎರಡರಷ್ಟು ಎತ್ತರಕ್ಕೆ ಏರಿತ್ತು.

“ನೆನಿ ಹಾಕಿದ ಕಡ್ಲಿ ಆದಂಗ ಆಗ್ಯಾದಲ್ಲ,” ಎಂದರು. ಆಮೇಲೆ ಅವರೇ ತೀರ್ಪು ಕೊಟ್ಟರು. ಹೊಲವೂ ನಮ್ಮದೇ, ಮಣ್ಣು ಅಲ್ಲಿಗೆ ಹೋಗಲಿ. ಲಕ್ಷ್ಮಿ ಹೊಲದಲ್ಲಿದ್ದರೂ ನಮ್ಮವಳೇ. ಮರುದಿನ ತಾವೇ ಜಾಗಕ್ಕೆ ಹೋಗಿ, ಮುರುಂ ತರಿಸಲು ಮೇಸ್ತ್ರಿಗೆ ಹೇಳಿ ಬಂದರು. ಅದನ್ನು ಪದರು ಪದರಾಗಿ ನೀರು ಹೊಡೆಸಿ, ದಮ್ಮಸ್ಸು ಮಾಡಿಸಿದವಳು ನಾನು. ಮೇಸ್ತ್ರಿ ನನ್ನನ್ನು ಕೇಳಿ ಕೇಳಿ ತುಂಬಿದರು. ಅವತ್ತು ನನಗಾದ ಹೆಮ್ಮೆ ಯಾವ ಪರೀಕ್ಷೆಯ ಫಲಿತಾಂಶ ಬಂದಾಗಲೂ ಆಗಿಲ್ಲ.

ಮನೆ ಮುಗಿದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದವು. ನಮ್ಮ ಫರಸಿ ಒಂದೂ ಏಳಲಿಲ್ಲ. ಆಮೇಲೊಮ್ಮೆ ಅತ್ತೆ ಕೊಂಕಲ್ ಊರಿನ ತಮ್ಮ ತಂಗಿಯ ಮನೆಗೆ ಹೋದವರು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಬಂದರು. ಬಿಚ್ಚಿದರೆ ಕರಿ ಮಣ್ಣಿನ ಹೆಂಟೆ.

“ತಂಗಿ ಮನಿ ಪಾಯ ತೋಡ್ಯಾರ. ನಮ್ಮ ಇಂಜಿನಿಯರ್ ನೋಡಿ ಹೇಳೂತನಕ ಒಂದು ಬುಟ್ಟಿ ಮಣ್ಣೂ ತುಂಬಬ್ಯಾಡ್ರಿ ಅಂತ ಹೇಳಿ ಬಂದೀನಿ.”

ಇನ್ನೂ ಕೊನೆಯ ವರ್ಷದ ಪರೀಕ್ಷೆ ಬಾಕಿ ಇದೆ, ನಾನಿನ್ನೂ ಇಂಜಿನಿಯರ್ ಆಗಿಲ್ಲ ಎಂದು ನಾನು ಹೇಳಿದೆ.

“ಅದು ನಿಮ್ಮ ಕಾಲೇಜಿನ ಹಿಸಾಬು,” ಎಂದು ಹೆಂಟೆಯನ್ನು ನನ್ನ ಕೈಗೆ ಹಾಕಿದರು. “ನಮ್ಮ ಮನ್ಯಾಗ ನೀ ಆಗಿ ಬಾಳ ದಿನ ಆತು.”