ಬಿಡುಗಡೆಗೊಳಿಸಲು ಸಾಧ್ಯವಿರುವುದಿಲ್ಲ

ನಮ್ಮ ಕೇಂದ್ರದಲ್ಲಿ ಒಂದು ಪದ್ಧತಿ ಇದೆ. ಯಾರಿಗೆ ಪತ್ರ ಬೇಕೋ ಅವರೇ ಅದನ್ನು ಬರೆದು ಮುಖ್ಯಸ್ಥರ ಮುಂದೆ ಇಡಬೇಕು. ರಜೆಯ ಮಂಜೂರಾತಿ, ಬಡ್ತಿಯ ಶಿಫಾರಸು, ಒಳ್ಳೆಯ ನಡತೆಯ ಪ್ರಮಾಣಪತ್ರ, ಎಲ್ಲಕ್ಕೂ ಇದೇ ನಿಯಮ. ನಿವೃತ್ತಿಯ ದಿನ ಓದುವ ಬೀಳ್ಕೊಡುಗೆ ಪತ್ರವನ್ನು ಕೂಡ ನಿವೃತ್ತರಾಗುವವರೇ ಬರೆದುಕೊಟ್ಟು, ಆಮೇಲೆ ಅದನ್ನು ಕೇಳಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಮುಖ್ಯಸ್ಥರು "ಬರ್ಕೊಂಡ ಬರ್ರಿ, ಸಹಿ ಮಾಡ್ತೇನಿ" ಎನ್ನುತ್ತಾರೆ, ಬರೆದುಕೊಂಡು ಹೋದರೆ ಓದದೆ ಸಹಿ ಮಾಡುತ್ತಾರೆ. ಹದಿನೈದು ವರ್ಷದಲ್ಲಿ ನನ್ನನ್ನು ನಾನೇ ಎಷ್ಟು ಸಲ "ಅತ್ಯಂತ ಶ್ರದ್ಧಾವಂತ ವಿಜ್ಞಾನಿ" ಎಂದು ಕರೆದುಕೊಂಡಿದ್ದೇನೋ ಲೆಕ್ಕವಿಲ್ಲ.

ಕೇಂದ್ರ ಇರುವುದು ಶಿಗ್ಗಾಂವಿಯಿಂದ ಹಾನಗಲ್ಲ ಕಡೆಗೆ ಹೋಗುವ ರಸ್ತೆಯ ಮೇಲೆ. ಕೃಷಿ ವಿಶ್ವವಿದ್ಯಾಲಯದ ಹೊಲ, ಅದರ ನಡುವೆ ಒಂದು ಉದ್ದನೆಯ ಕಟ್ಟಡ, ಕಟ್ಟಡದ ಕೊನೆಗೆ ನನ್ನ ಪ್ರಯೋಗಶಾಲೆ. ನಾನು ಬೀಜ ವಿಜ್ಞಾನಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕುಗಳ ಬೀಜದ ಮಾದರಿಗಳು ಬಟ್ಟೆಯ ಚೀಲದಲ್ಲಿ ನನ್ನ ಮೇಜಿಗೆ ಬರುತ್ತವೆ. ಅವನ್ನು ಬಿತ್ತಿ, ಬೆಳೆಸಿ, ಎಷ್ಟು ಗಿಡ ಜಾತಿಗೆ ಸರಿಯಾಗಿವೆ, ಎಷ್ಟು ಬೆರಕೆ ಎಂದು ಎಣಿಸಿ, ಕೊನೆಗೆ ಒಂದು ಪದ ಬರೆಯುತ್ತೇನೆ. ಉತ್ತೀರ್ಣ, ಇಲ್ಲವೇ ಅನುತ್ತೀರ್ಣ. ಆ ಪದದ ಮೇಲೆ ಒಂದು ಮನೆಯ ಇಡೀ ಹಂಗಾಮು ನಿಂತಿರುತ್ತದೆ.

ಎರಡು ವರ್ಷದ ಹಿಂದೆ ಹಿರೇಕೆರೂರು ಕಡೆಯ ಒಬ್ಬ ಹೆಣ್ಣುಮಗಳು ತನ್ನ ಬೆಂಡೆಯ ಬೀಜ ಅನುತ್ತೀರ್ಣ ಆಯಿತೆಂದು ಎರಡು ಬಸ್ಸು ಬದಲಿಸಿ ನನ್ನನ್ನು ಹುಡುಕಿಕೊಂಡು ಬಂದಳು. ಬೆಂಡೆಯ ಬೀಜ ಮಾಡುವುದು ಬೆರಳ ತುದಿಯ ಕೆಲಸ. ಸಂಜೆ ಮೊಗ್ಗು ಬಿಡಿಸಿ ಅದರ ಗಂಡು ಭಾಗ ತೆಗೆಯಬೇಕು, ಗುರುತಿಗೆ ಕೆಂಪು ದಾರ ಕಟ್ಟಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವು ತಂದು ಮುಟ್ಟಿಸಬೇಕು. ಹೀಗೆ ತಿಂಗಳುಗಟ್ಟಲೆ, ಬಗ್ಗಿಕೊಂಡೇ. ಅವಳ ಬೆರಳ ತುದಿಗಳು ಕಪ್ಪಾಗಿ ಒಡೆದಿದ್ದವು. ನಾನು ವರದಿ ತೋರಿಸಿ, ನಿಯಮದಲ್ಲಿರುವ ಅಂಕಿಗಿಂತ ಒಂದಿಷ್ಟು ಕಡಿಮೆ ಬಂದಿದೆ ಎಂದೆ.

"ಇನ್ನೊಮ್ಮಿ ನೋಡ್ರಿ" ಅಂದಳು.

"ಇನ್ನೊಮ್ಮಿ ನೋಡಾಕ ನಿಯಮದಾಗ ಅವಕಾಶ ಇಲ್ಲವ್ವಾ."

"ಆ ನಿಯಮ ಬರದವರು ಯಾರ್ರಿ? ಒಂದ ದಿನಾನರ ನಮ್ಮ ಹೊಲದಾಗ ಬಗ್ಗ್ಯಾರೇನ್ರಿ ಅವ್ರು?"

ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದಳು. ಬಸ್ಸಿಗೆ ಹೊತ್ತಾಯಿತೆಂದು ಅವಳು ಎದ್ದು ಹೋದಳು. ಆ ಪ್ರಶ್ನೆ ಮಾತ್ರ ನನ್ನ ಮೇಜಿನ ಮುಂದಿನ ಕುರ್ಚಿಯಲ್ಲೇ ಕೂತಿತು.

ಅದಕ್ಕೇ, ಕೇಂದ್ರ ಸರ್ಕಾರದವರು ವಿಜ್ಞಾನಿಗಳಿಗಾಗಿ ಫೆಲೋಶಿಪ್ ಕರೆದಿದ್ದಾರೆಂಬ ಸುತ್ತೋಲೆ ಕಂಡಾಗ ನಾನು ಅದನ್ನು ಮೂರು ಸಲ ಓದಿದೆ. ಒಂದು ವರ್ಷ ದೆಹಲಿಯ ಯಾವುದಾದರೂ ಸಚಿವಾಲಯದಲ್ಲಿ ಕೂತು ನೀತಿ ರೂಪಿಸುವವರ ಜೊತೆ ಕೆಲಸ ಮಾಡಬೇಕು. ಅಂದರೆ ನಿಯಮ ಬರೆಯುವವರ ಮೇಜಿನ ಪಕ್ಕದಲ್ಲೇ ನನಗೂ ಒಂದು ಕುರ್ಚಿ. ವಯಸ್ಸಿನ ಮಿತಿ ನಲವತ್ತೈದು. ನನಗಾಗ ನಲವತ್ತನಾಲ್ಕು. ಈ ಸಲ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಸಲ, ಆಮೇಲೆ ಬಾಗಿಲು ಮುಚ್ಚಿತು.

ಸವಣೂರಿನ ಹೈಸ್ಕೂಲಿನಲ್ಲಿ ಮಾಸ್ತರಾಗಿರುವ ನನ್ನ ಗಂಡ ಸುತ್ತೋಲೆ ಓದಿ ಕನ್ನಡಕ ತೆಗೆದಿಟ್ಟರು. "ಹೋಗು. ಒಂದ ವರ್ಷಕ್ಕ ನಾ ಏನ್ ಉಪವಾಸ ಬೀಳಂಗಿಲ್ಲ. ನಿನ್ನ ಸಾರಿಗಿಂತ ನನ್ನ ಸಾರ ಚಲೋ ಇರ್ತೈತಿ" ಅಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಸಾರಿನ ವಿಷಯದಲ್ಲಿ ನಿಜ ಹೇಳಿದ್ದು ಅದೇ ಮೊದಲು.

ಅರ್ಜಿಯ ಜೊತೆ ಎರಡು ಪುಟದ ಟಿಪ್ಪಣಿ ಬರೆಯಬೇಕಿತ್ತು: ನಿಮ್ಮ ಕ್ಷೇತ್ರದಲ್ಲಿ ಬದಲಾಗಬೇಕಾದ ಒಂದು ನಿಯಮ ಯಾವುದು, ಏಕೆ. ನಾನು ಮರುಪರೀಕ್ಷೆಯ ಬಗ್ಗೆ ಬರೆದೆ. ಬೀಜ ಬೆಳೆದವರಿಗೆ ಇನ್ನೊಮ್ಮೆ ನೋಡಿ ಎಂದು ಕೇಳುವ ಹಕ್ಕು ಇರಬೇಕು, ಅಷ್ಟೇ. ಬೇರೆಯವರ ಸಹಿಗಾಗಿ ಅಲ್ಲದೆ ನನ್ನ ಹೆಸರಿನಲ್ಲೇ ನಾನು ಬರೆದ ಮಾತು ಎಷ್ಟೋ ವರ್ಷದಲ್ಲಿ ಅದೊಂದೇ. ಬರೆಯುವಾಗ ನನಗೆ ಖುಷಿಯಾಗಿತ್ತು. ಅದನ್ನು ಮುಚ್ಚಿಡುವುದೇನು, ಹುಚ್ಚು ಖುಷಿಯಾಗಿತ್ತು.

ಅರ್ಜಿಯ ಕೊನೆಯ ಪುಟದಲ್ಲಿ ಒಂದೇ ಒಂದು ಖಾಲಿ ಚೌಕ ಉಳಿಯಿತು. ಆಯ್ಕೆಯಾದರೆ ಬಿಟ್ಟು ಕಳಿಸಲು ನಮ್ಮ ಅಭ್ಯಂತರವಿಲ್ಲ ಎಂದು ಸಂಸ್ಥೆಯವರು ಬರೆದ ನಿರಾಕ್ಷೇಪಣಾ ಪತ್ರ ಅಲ್ಲಿಗೆ ಸೇರಬೇಕು. ಮುಖ್ಯಸ್ಥರನ್ನು ಕೇಳಿದೆ. "ಚಲೋ ಆತಲ್ರಿ! ಬರ್ಕೊಂಡ ಬರ್ರಿ" ಅಂದರು. ಪತ್ರಕ್ಕೆ ಹತ್ತು ನಿಮಿಷ ಹಿಡಿಯಿತು. ಅದರ ಜೊತೆ ನನ್ನ ಮನವಿಯನ್ನೂ ಇಟ್ಟು ಕಚೇರಿಗೆ ಕೊಟ್ಟೆ. ಕೊನೆಯ ದಿನಕ್ಕೆ ಇನ್ನೂ ಹನ್ನೆರಡು ದಿನ ಇತ್ತು.

ನಾಲ್ಕು ದಿನ ಏನೂ ಬರಲಿಲ್ಲ. ಐದನೆಯ ದಿನ ಕಚೇರಿಯ ಹಿರಿಯ ಗುಮಾಸ್ತೆ ನನ್ನನ್ನು ಕರೆದರು. ಒಳ್ಳೆಯ ಹೆಂಗಸು. ನನಗೆ ಜ್ವರ ಬಂದಾಗ ಮನೆಯಿಂದ ಗಂಜಿ ತಂದುಕೊಟ್ಟವರು. ಕಾಗದ ಕಳೆಯುವುದು ಅಂದರೇನೆಂದೇ ಅವರಿಗೆ ಗೊತ್ತಿಲ್ಲ.

"ಮೇಡಂ, ಇದಕ ಒಂದ ಅಡ್ಡಿ ಐತ್ರಿ" ಎನ್ನುತ್ತ ನನ್ನ ಸೇವಾ ಕಡತ ತೆರೆದು, ಹಳದಿ ಚೀಟಿ ಅಂಟಿಸಿದ್ದ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

ಓದುವ ಮೊದಲೇ ಗುರುತು ಹತ್ತಿತು. ಹಿಂದಿನ ಒಂದು ಚುನಾವಣೆಯಲ್ಲಿ ನನಗೆ ದುಂಡಸಿಯ ಶಾಲೆಯ ಮತಗಟ್ಟೆಗೆ ಕರ್ತವ್ಯ ಬಂದಿತ್ತು. ಹಿಂದಿನ ದಿನವೇ ಹೋಗಿ ಶಾಲೆಯ ಬೆಂಚಿನ ಮೇಲೆ ಮಲಗಬೇಕು, ಮರುದಿನ ಬೆಳಗಿನಿಂದ ಸಂಜೆಯವರೆಗೆ ಕೂರಬೇಕು. ನನಗೆ ಮನಸ್ಸಿರಲಿಲ್ಲ. ಕಾರಣ ಬೇರೇನಿಲ್ಲ, ಸೋಮಾರಿತನ. ವಿನಾಯಿತಿ ಬೇಕೆಂದರೆ ಸಂಸ್ಥೆಯ ಪತ್ರ ಬೇಕು, ಪತ್ರ ಬೇಕೆಂದರೆ ನಾನೇ ಬರೆಯಬೇಕು. ಬರೆದೆ:

"ಸದರಿ ವಿಜ್ಞಾನಿಯವರ ಸೇವೆಯು ಈ ಕೇಂದ್ರಕ್ಕೆ ಅನಿವಾರ್ಯವಾಗಿದ್ದು, ಇವರ ಅನುಪಸ್ಥಿತಿಯಲ್ಲಿ ಬೀಜ ಪರೀಕ್ಷೆಯ ಸಮಸ್ತ ಕಾರ್ಯವು ಸ್ಥಗಿತಗೊಳ್ಳುವುದು. ಬದಲಿ ವ್ಯವಸ್ಥೆ ಇರುವುದಿಲ್ಲ. ಆದ್ದರಿಂದ ಯಾವುದೇ ಸಂದರ್ಭದಲ್ಲಿಯೂ ಇವರನ್ನು ಬಿಡುಗಡೆಗೊಳಿಸಲು ಸಾಧ್ಯವಿರುವುದಿಲ್ಲ."

ಆವತ್ತು ಆ ಕೊನೆಯ ವಾಕ್ಯ ಬರೆದು ನಾನು ಒಬ್ಬಳೇ ನಕ್ಕಿದ್ದೆ. ಆಗ ಪ್ರಯೋಗಶಾಲೆಯಲ್ಲಿ ಮೂವರು ವಿಜ್ಞಾನಿಗಳಿದ್ದೆವು. ನಾನು ಒಂದು ತಿಂಗಳು ಬರದಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ.

"ಇದರಾಗ ಯಾವುದೇ ಸಂದರ್ಭದಲ್ಲಿಯೂ ಅಂತ ಐತ್ರಿ" ಅಂದರು ಗುಮಾಸ್ತೆ, ಬೆರಳು ಆ ಸಾಲಿನ ಮೇಲೇ ಇಟ್ಟುಕೊಂಡು. "ಅದ ಸಾಹೇಬ್ರು, ಅದ ಕಡತದಾಗ, ಈಗ ಅಭ್ಯಂತರ ಇಲ್ಲ ಅಂತ ಹೆಂಗ ಬರದ ಕೊಡ್ತಾರ್ರಿ? ನಾಳೆ ಆಡಿಟ್ಟಿನವ್ರು ಕೇಳಿದ್ರ ನಾನ ಉತ್ತರ ಕೊಡಬೇಕು."

ನಾನು ಆ ಹಾಳೆಯನ್ನು ಕಿತ್ತು ಹರಿದು ಹಾಕಬೇಕೆನ್ನುವಷ್ಟು ರೇಗಿದೆ. ರೇಗಿ ಏನು ಮಾಡುವುದು, ಅಕ್ಷರ ನನ್ನವೇ. ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದೆ.

"ಸರ್, ಅದು ಚುನಾವಣಿ ಡ್ಯೂಟಿ ತಪ್ಪಿಸ್ಕೊಳ್ಳಾಕ ಬರದಿದ್ದು. ನಿಮಗೂ ಗೊತ್ತೈತಿ."

"ಕುಂತ್ಕೊರಿ ಮೊದಲ" ಅಂದರು. ಅವರು ಗಟ್ಟಿಯಾಗಿ ಮಾತಾಡುವವರಲ್ಲ. "ಗೊತ್ತೈತ್ರಿ. ಹಂಗಂತ ಈಗ ಬರದ ಕೊಡ್ಲೇನು, ಆವತ್ತ ನಾವು ಸುಳ್ಳ ಹೇಳಿದ್ವಿ ಅಂತ?"

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಮತ್ತ ಈಗ ಅದು ಸುಳ್ಳೂ ಅಲ್ಲಲ್ರಿ" ಅಂದರು.

ಅದೂ ಸರಿಯಿತ್ತು. ಮೂವರಲ್ಲಿ ಒಬ್ಬರು ನಿವೃತ್ತರಾಗಿದ್ದರು, ಇನ್ನೊಬ್ಬರಿಗೆ ವರ್ಗವಾಗಿತ್ತು. ಎರಡೂ ಹುದ್ದೆಗಳು ಖಾಲಿ ಬಿದ್ದಿದ್ದವು. ನಾಲ್ಕು ತಾಲ್ಲೂಕಿನ ಚೀಲಗಳು ನನ್ನೊಬ್ಬಳ ಮೇಜಿಗೇ ಬರುತ್ತಿದ್ದವು. ನಾನು ಹೋದರೆ ಪರೀಕ್ಷೆ ನಿಲ್ಲುತ್ತದೆ, ಪರೀಕ್ಷೆ ನಿಂತರೆ ಪ್ರಯೋಗಶಾಲೆಯನ್ನು ಬೇರೆ ಜಿಲ್ಲೆಗೆ ಸೇರಿಸುತ್ತಾರೆ, ಆಮೇಲೆ ಆ ಹೆಣ್ಣುಮಗಳು ಎರಡಲ್ಲ, ನಾಲ್ಕು ಬಸ್ಸು ಬದಲಿಸಬೇಕು. ಸೋಮಾರಿತನಕ್ಕೆ ಹೇಳಿದ ಸುಳ್ಳು ನನಗೆ ತಿಳಿಯದಂತೆ ನಿಜವಾಗಿ ಕೂತಿತ್ತು. ಅವರು ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಅವರೂ ಕೆಟ್ಟವರಲ್ಲ, ಗುಮಾಸ್ತೆಯೂ ಕೆಟ್ಟವರಲ್ಲ. ಯಾರ ಮೇಲೆ ಹರಿಹಾಯುವುದು? ಎದ್ದು ಹೋಗಲು ಬಾಗಿಲು ತೆರೆದೇ ಇತ್ತು, ಆದರೂ ಏಳಲಾಗಲಿಲ್ಲ.

ಆ ವಾರವೆಲ್ಲ ನಾನು ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ. ಸಂಜೆ ಶಿಗ್ಗಾಂವಿಯಲ್ಲಿ ಸವಣೂರಿನ ಬಸ್ಸು ಹತ್ತಿದರೆ ಅದೇ ಕಂಡಕ್ಟರು, ಎಲ್ಲಿಗೆ ಎಂದು ಕೇಳದೆ ಟಿಕೆಟ್ ಹರಿದು ಕೊಡುತ್ತಿದ್ದ. ಮೊದಲೆಲ್ಲ ಅದು ನನಗೆ ಹಿತವಾಗಿತ್ತು. ಆಗ ಮಾತ್ರ, ಬೇರೆ ಊರಿನ ಹೆಸರು ಹೇಳಿ ಅವನನ್ನು ಬೆಚ್ಚಿಬೀಳಿಸಬೇಕು ಅನ್ನಿಸಿತು. ಮನೆಯಲ್ಲಿ ಗಂಡ "ಮುಂದಿನ ವರ್ಷ ಐತಲ್ಲ" ಅಂದರು. ಅವರ ಮೇಲೂ ರೇಗಿದೆ. ಆದರೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮುಂದಿನ ವರ್ಷದೊಳಗೆ ಒಂದು ಹುದ್ದೆಯಾದರೂ ತುಂಬಬಹುದು.

ಕೊನೆಯ ದಿನ ದಾಟಿತು. ಚೌಕ ಖಾಲಿಯೇ ಉಳಿಯಿತು. ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮರುದಿನ ಗುಮಾಸ್ತೆ ಮತ್ತೆ ಕರೆದರು. ನನ್ನ ಮನವಿ ದಾಖಲಾಗಿದೆ, ಅದಕ್ಕೆ ಉತ್ತರ ಹೋಗದೆ ಕಡತ ಮುಚ್ಚಲು ಬರುವುದಿಲ್ಲ ಎಂದರು. ಉತ್ತರ ಯಾರು ಬರೆಯಬೇಕು ಎಂದು ಕೇಳಲು ಮುಖ್ಯಸ್ಥರ ಹತ್ತಿರ ಹೋದೆ. ಅವರು ಯಾವುದೋ ಬೇರೆ ಕಾಗದಕ್ಕೆ ಸಹಿ ಹಾಕುತ್ತಲೇ, ತಲೆಯೆತ್ತದೆ, ರೂಢಿಯ ಮಾತು ಹೇಳಿದರು.

"ಬರ್ಕೊಂಡ ಬರ್ರಿ."

ಹೇಳಿದ ಮೇಲೆ ಅವರಿಗೇ ಅರಿವಾಯಿತು. ಪೆನ್ನು ನಿಂತಿತು. ಆದರೆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ನಾನು ಬರೆದೆ. ನನಗೆ ನಾನೇ ಇಲ್ಲ ಎಂದು ಹೇಳುವ ಪತ್ರ. ಹಳೆಯ ಪತ್ರ ಮುಂದಿಟ್ಟುಕೊಂಡದ್ದರಿಂದ ಕಷ್ಟವಾಗಲಿಲ್ಲ, ವಾಕ್ಯಗಳು ಸಿದ್ಧವಾಗಿಯೇ ಇದ್ದವು. ಕೊನೆಯ ಸಾಲಿನಲ್ಲಿ ಮಾತ್ರ 'ಯಾವುದೇ ಸಂದರ್ಭದಲ್ಲಿಯೂ' ತೆಗೆದು ಎರಡು ಹೊಸ ಪದ ಸೇರಿಸಿದೆ: "ಇವರನ್ನು ಈ ವರ್ಷ ಬಿಡುಗಡೆಗೊಳಿಸಲು ಸಾಧ್ಯವಿರುವುದಿಲ್ಲ." ಈ ವರ್ಷ. ಮುಂದಿನ ವರ್ಷಕ್ಕೆ ಒಂದು ಕಿಂಡಿ. ಅವರು ಹೇಗೂ ಓದುವುದಿಲ್ಲವಲ್ಲ.

ಆ ದಿನ ಅವರು ಓದಿದರು. ಹದಿನೈದು ವರ್ಷದಲ್ಲಿ ನಾನು ಮುಂದಿಟ್ಟ ಕಾಗದವನ್ನು ಅವರು ಓದಿದ್ದನ್ನು ನೋಡಿದ್ದು ಅದೇ ಮೊದಲು. ಡ್ರಾಯರಿನಿಂದ ಕನ್ನಡಕ ತೆಗೆದು, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿ, ಹಸಿರು ಪೆನ್ನಿನಿಂದ ಆ ಎರಡು ಪದಗಳ ಮೇಲೆ ಒಂದು ಗೆರೆ ಎಳೆದರು.

"ನಂದಿನ್ನೂ ಎರಡ ವರ್ಷ ಸರ್ವಿಸ್ ಐತ್ರಿ" ಅಂದರು, ನನ್ನ ಮುಖ ನೋಡದೆ. "ನಾ ಇರೂತನಕ ಈ ಲ್ಯಾಬಿನ ಬಾಗಿಲಾ ಮುಚ್ಚೂದ ಬ್ಯಾಡ. ಚೊಕ್ಕ ಮಾಡಿ ತರ್ರಿ."

ನನ್ನ ಕೋಣೆಗೆ ಬಂದು ಪತ್ರವನ್ನು ಮತ್ತೆ ಟೈಪ್ ಮಾಡಿದೆ. ಮೇಜಿನ ಮೇಲೆ ಹಾನಗಲ್ಲಿನಿಂದ ಆಗಲೇ ಬಂದ ಭತ್ತದ ಚೀಲಗಳಿದ್ದವು. ಅಚ್ಚಾದ ಹಾಳೆ ಒಯ್ದು ಅವರ ಮುಂದಿಟ್ಟೆ. ಕನ್ನಡಕ ಡ್ರಾಯರಿನೊಳಗೆ ಹೋಗಿತ್ತು. ಈ ಸಲ ಅವರು ಎಂದಿನಂತೆ ಓದದೆ ಸಹಿ ಮಾಡಿದರು.

ಆ ಎರಡು ಪದ ಮತ್ತೆ ಸೇರಿಸಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾನು ಸೇರಿಸಿರಲಿಲ್ಲ.